ನಾಲ್ಕು ಕಾಲಿನ ಸವತಿ

ಕಾಂತಾಬಾಯಿಗೆ ಒಬ್ಬ ಸವತಿಯಿದ್ದಳು. ಅವಳಿಗೆ ನಾಲ್ಕು ಕಾಲು, ಹೆಸರು ಲಚ್ಚಿ. ಖಟಕ ಚಿಂಚೋಳಿಯ ಕುರುಬರ ಓಣಿಯಲ್ಲಿ ಈ ಮಾತನ್ನು ಮೊದಲು ಆಡಿದವಳು ಪಕ್ಕದ ಮನೆಯ ನೆಗೆಣ್ಣಿ ಸಖುಬಾಯಿ. ನಗಲಿಕ್ಕೆಂದು ಆಡಿದ್ದಳು. ಎಲ್ಲರೂ ನಕ್ಕರು, ಕಾಂತಾಬಾಯಿ ನಗಲಿಲ್ಲ. ಮಾತು ಖರೆ ಇದ್ದಾಗ ನಗುವುದು ಕಷ್ಟ.

ಲಚ್ಚಿ ಅವಳ ಗಂಡ ಧೊಂಡಿಬಾನ ಕುರಿಹಿಂಡಿನ ನಾಯಿ. ಕಂದು ಮೈ, ತೋಳನ ಜೊತೆ ಜಗಳಾಡಿ ಹರಿದುಕೊಂಡ ಒಂದು ಕಿವಿ, ವಯಸ್ಸಾಗಿ ಬೆಳ್ಳಗಾದ ಮೂತಿ. ಅದನ್ನು ಮರಿಯಿಂದ ಸಾಕಿದವಳು ಧೊಂಡಿಬಾನ ಮೊದಲ ಹೆಂಡತಿ ಭೀಮಬಾಯಿ. ರಜಾಕಾರರ ಗದ್ದಲದ ವರ್ಷ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದಾಗ, ಆಚೆಯ ಬಿಡಾರದಲ್ಲಿ ಜ್ವರ ಬಂದು ಭೀಮಬಾಯಿ ತೀರಿಕೊಂಡಳು. ಪೊಲೀಸ್ ಆ್ಯಕ್ಷನ್ ಆಗಿ ಮಂದಿ ತಿರುಗಿ ಊರು ಸೇರಿದಾಗ ಧೊಂಡಿಬಾನ ಜೊತೆ ಬಂದದ್ದು ಅರ್ಧ ಹಿಂಡು, ಭೀಮಬಾಯಿ ಹೊಲಿದ ಒಂದು ಕೌದಿ, ಮತ್ತು ಲಚ್ಚಿ. ಮರುವರ್ಷ ಕಾಂತಾಬಾಯಿ ಮದುವೆಯಾಗಿ ಬಂದಳು. ಆ ಕೌದಿ ತನಗೆ ಸಿಕ್ಕೀತು ಎಂದುಕೊಂಡಿದ್ದಳು. ಅದರ ಮೇಲೆ ಲಚ್ಚಿ ಮಲಗಿತ್ತು.

ಧೊಂಡಿಬಾ ಕೆಟ್ಟವನಲ್ಲ. ಕೈಯೆತ್ತಿದವನಲ್ಲ, ಕುಡಿದವನಲ್ಲ. ಮಾತು ಮಾತ್ರ ಬಹಳ ತುಟ್ಟಿ. ಹೆಂಡತಿಯನ್ನು ಕರೆಯಬೇಕಾದರೆ ‘ಏ’ ಎನ್ನುವನು, ಪ್ರೀತಿ ಉಕ್ಕಿ ಬಂದರೆ ‘ಏ, ಇಲ್ಲಿ ನೋಡು’ ಎನ್ನುವನು. ಅದೇ ಮನುಷ್ಯ ಸಂಜೆ ಕಟ್ಟೆಯ ಮೇಲೆ ಕೂತು ಲಚ್ಚಿಯ ಕಿವಿಯೊಳಗಿನ ಉಣ್ಣಿ ಹೆಕ್ಕುವಾಗ ಅವನ ದನಿಯೇ ಬೇರೆಯಾಗುತ್ತಿತ್ತು. “ದಣಿದೇನ ನನ್ನವ್ವ? ಇವತ್ತ ಭಾಳ ಓಡಿಸಿದ್ವು ಏನ ನಿನಗ?” ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಂತಾಬಾಯಿಗೆ ಅದು ಕೇಳುತ್ತಿತ್ತು. ಆ ಸಂಜೆಗಳಲ್ಲಿ ರೊಟ್ಟಿ ಜೋರಾಗಿ ಬಡಿಸಿಕೊಳ್ಳುತ್ತಿತ್ತು. ತನಗೊಂದು ಸಲ ಆ ದನಿಯಲ್ಲಿ ‘ದಣಿದೇನ’ ಎಂದು ಕೇಳಲಿ, ಬೇರೇನೂ ಬೇಡ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು.

ಇದಕ್ಕಿಂತ ದೊಡ್ಡ ಉರಿ ಇನ್ನೊಂದಿತ್ತು. ದೀಪಾವಳಿ ಮುಗಿದದ್ದೇ ಕುರಿಗಳು ಔರಾದ ಕಡೆಗೆ, ಮಾಂಜರಾ ನದಿಯ ದಂಡೆಗೆ ಹೊರಡುತ್ತಿದ್ದವು. ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಹಿಂಡು ಕೂಡಿಸುತ್ತ, ಊರಿಂದೂರಿಗೆ ಸಾಗುತ್ತ, ತಿರುಗಿ ಬರುವುದು ಮಿರಗಕ್ಕೆ, ಅಂದರೆ ಮುಂಗಾರಿನ ಮೊದಲ ಮಳೆಗೇ. ಓಣಿಯ ಎಷ್ಟೋ ಹೆಂಗಸರು ಗಂಡಂದಿರ ಜೊತೆ ಹೋಗುತ್ತಿದ್ದರು, ರೊಟ್ಟಿ ಮಾಡಲಿಕ್ಕೆ. ಭೀಮಬಾಯಿ ತಪ್ಪದೆ ಹೋಗುತ್ತಿದ್ದಳಂತೆ. ಕಾಂತಾಬಾಯಿಯನ್ನು ಧೊಂಡಿಬಾ ಒಮ್ಮೆಯೂ ಕರೆದೊಯ್ದಿರಲಿಲ್ಲ.

“ಮನಿ ಕಾಯಾಕ ಒಬ್ಬರು ಬೇಕು, ಹಿಂಡ ಕಾಯಾಕ ಒಬ್ಬರು ಬೇಕು,” ಎನ್ನುತ್ತಿದ್ದ. “ಅಲ್ಲಿ ಅಕಿ ಇರ್ತಾಳ. ಇಲ್ಲಿ ನೀ ಇರು.”

ಅವನಿಗೆ ಅದು ಸರಿಯಾದ ಹಂಚಿಕೆಯಾಗಿ ಕಾಣುತ್ತಿತ್ತು. ಕಾಂತಾಬಾಯಿಗೆ ಕಾಣುತ್ತಿದ್ದದ್ದು ಬೇರೆ: ಬಯಲಿನ ಚಳಿ, ಗಂಡನ ಕರಿಕಂಬಳಿ, ಅದರ ಅಂಚಿನಲ್ಲಿ ಮೈ ಮುದುಡಿಕೊಂಡ ನಾಯಿ. ತನ್ನ ಜಾಗದಲ್ಲಿ ನಾಯಿ.

ಆ ವರ್ಷ ಮಿರಗದಲ್ಲಿ ಲಚ್ಚಿ ಹಾಕಿದ ಮರಿಗಳೆಲ್ಲ ಸತ್ತೇ ಹುಟ್ಟಿದವು. ಕಡೆಯ ಮರಿ ಅಡ್ಡ ಸಿಕ್ಕು ಲಚ್ಚಿಯೂ ಹೋದಂತೆಯೇ ಆಗಿ, ಹೇಗೋ ಉಳಿಯಿತು. ಇನ್ನೊಮ್ಮೆ ಗಬ್ಬಾದರೆ ಉಳಿಯುವುದಿಲ್ಲ ಎಂದು ಕುರಿ ಬಲ್ಲವರೆಲ್ಲ ಹೇಳಿದರು. ಮರಿಚೀಲವನ್ನೇ ತೆಗೆಸಿಬಿಡಬಹುದು, ಆಮೇಲೆ ಮರಿಯ ಹಂಗಿಲ್ಲ ಎಂಬ ಸುದ್ದಿಯನ್ನು ಯಾರೋ ಬೀದರದ ಗಂಜ್ ಮಾರುಕಟ್ಟೆಯಿಂದ ತಂದರು. ಅಲ್ಲಿಂದ ಶುರುವಾಯಿತು ಧೊಂಡಿಬಾನ ಓಡಾಟ.

ಮೊದಲು ಔರಾದಕ್ಕೆ ಹೋದ. ಅಲ್ಲಿ ಟಗರಿನ ಬೀಜ ತೆಗೆಯುವ ಕಾಶೀರಾಮನಿದ್ದ, ಸುತ್ತಿನ ಹಿಂಡುಗಳಿಗೆಲ್ಲ ಅವನದೇ ಕೈ. ಕಾಶೀರಾಮ ಲಚ್ಚಿಯ ಹೆಸರು ಕೇಳಿಯೇ ಕೈ ಮುಗಿದ. “ಗಂಡಿಂದು ಹೊರಗ ಇರ್ತದ, ಕೈಗೆ ಸಿಗ್ತದ. ಹೆಣ್ಣಿಂದು ಹೊಟ್ಟ್ಯಾಗ ಇರ್ತದೋ ಮಾರಾಯ. ನಾ ಹೊಟ್ಟಿ ಸೀಳಾಂವ ಅಲ್ಲ.” ಆಮೇಲೆ ಭಾಲ್ಕಿ. ಅಲ್ಲಿಗೆ ಸಂತೆಯ ದಿನ ದನದ ಡಾಕ್ಟರು ಬಂದು ಹೋಗುತ್ತಿದ್ದರು. ಅವರ ಕಂಪೌಂಡರು, ಇಲ್ಲಿ ಮೇಜೂ ಇಲ್ಲ ಮದ್ದೂ ಇಲ್ಲ, ಬೀದರಕ್ಕೆ ಹೋಗು ಎಂದ. ಧೊಂಡಿಬಾ ಬೀದರಕ್ಕೂ ಹೋದ.

ಕಾಂತಾಬಾಯಿ ಸಖುಬಾಯಿಯ ಮುಂದೆ ಕೂತು ಕಸಪರಕೆಯ ಕಡ್ಡಿ ಮುರಿಯುತ್ತ ಹೇಳಿದಳು: “ಹೋದ ವರ್ಷ ನನಗ ಪಕ್ಕಿಬ್ಯಾನಿ ಬಂದು ಸಾಯಾಕ ಹತ್ತಿದ್ದೆ. ಅಜವಾನ ತಿಂದು ಮಲಕೋ ಅಂದ್ರು. ಈಗ ನೋಡು, ನಾಯಿ ಸಲುವಾಗಿ ಔರಾದ ಆತು, ಭಾಲ್ಕಿ ಆತು, ಬೀದರ ಆತು. ಇನ್ನ ಹೈದರಾಬಾದ ಒಂದ ಉಳದದ.”

“ನೀನೂ ನಾಕ ಕಾಲಲೇ ನಡಿ,” ಎಂದಳು ಸಖುಬಾಯಿ. “ಆವಾಗ ನಿನ್ನೂ ಕರಕೊಂಡ ಹೋಗ್ತಾನ.”

ಬೀದರದ ದನದ ದವಾಖಾನೆಯ ಡಾಕ್ಟರು ಕುತುಬೋದ್ದೀನ ಸಾಹೇಬರು ಇಂಥ ಕೆಲಸ ಮಾಡಿದವರು. ಎಲ್ಲಿ ಎಂಬುದು ಹಾಗೆ ತೀರ್ಮಾನವಾಯಿತು. ಯಾವಾಗ ಎಂಬುದೇ ಉಳಿಯಿತು. ಡಾಕ್ಟರು ಹೇಳಿದ್ದನ್ನು ಧೊಂಡಿಬಾ ಉಣ್ಣುತ್ತ ಕೂತು ಒಂದಕ್ಷರ ಬಿಡದೆ ಒಪ್ಪಿಸಿದ. ಅಷ್ಟು ಮಾತು ಅವನು ಮದುವೆಯ ದಿನವೂ ಆಡಿರಲಿಲ್ಲ.

“ಈಗ ಮಾಡಿದ್ರ ಅಕಿ ಈ ಸಲ ಹಿಂಡಿನ ಹಿಂದ ಬರೋ ಹಂಗಿಲ್ಲ. ಗಾಯ ಮಾಯೂ ತನಕ ಮನ್ಯಾಗ ಬಿದ್ದಿರಬೇಕು, ಆಮ್ಯಾಲೂ ಭಾಳ ನಡಸಬಾರದು. ಮಿರಗಕ್ಕ ತಿರುಗಿ ಬಂದು ಮಾಡ್ಸೋದಾದ್ರ, ಚಳ್ಯಾಗ ಅಕಿಗಿ ಮತ್ತ ಹಂಗಾಮ ಬರ್ತದ. ದಾರಿ ತುಂಬ ಗಂಡನಾಯಿ. ಒಂದ ಹೊತ್ತು ಕಣ್ಣ ತಪ್ಪಿದ್ರ ಮುಗೀತು. ಇತ್ಲಾಗ ಅಕಿನ್ನ ಬಿಟ್ಟ ಹೋದ್ರ ತ್ವಾಳ ಹಿಂಡ ಹರೀತಾವ.” ಅವನು ತುತ್ತು ಕೆಳಗಿಟ್ಟ. “ನನಗ ತಿಳೀವಲ್ದು. ಮಲ್ಲಯ್ಯನ್ನ ಕೇಳೂಣ.”

ಕಾಂತಾಬಾಯಿಗೆ ತಿಳಿದಿತ್ತು. ಅವನು ಹೇಳಿ ಮುಗಿಸುವುದರೊಳಗೆ ಅವಳ ತಲೆಯಲ್ಲಿ ಲೆಕ್ಕ ಕೂಡಿಬಂದಿತ್ತು. ನಾಯಿ ಮನೆಯಲ್ಲಿ ಬಿದ್ದಿದ್ದರೆ ಮನೆ ಕಾಯಲಿಕ್ಕೆ ಅದಾಯಿತು. ಹಿಂಡು ಕಾಯಲಿಕ್ಕೆ ಒಬ್ಬರು ಬೇಕು, ಅದು ತಾನು. ಎರಡು ಹೊತ್ತು ಅಂಬಲಿ ಹಾಕಲಿಕ್ಕೆ ಪಕ್ಕದಲ್ಲೇ ಸಖುಬಾಯಿ ಇದ್ದಳು. ಆ ಕಂಬಳಿಯ ಅಂಚು ಈ ವರ್ಷ ತನ್ನದು.

ಆ ಮನೆತನದಲ್ಲಿ ಮನೆದೇವರು ಮಲ್ಲಯ್ಯನನ್ನು ಕೇಳುವ ರೀತಿ ಹೀಗಿತ್ತು. ಮನೆಯ ಹೆಣ್ಣುಮಗಳು ಮಿಂದು, ಒದ್ದೆ ಸೀರೆಯಲ್ಲಿ, ಯಾರೂ ನೋಡದಂತೆ ಮುತ್ತಲ ಎಲೆಯ ಎರಡು ಪುಡಿ, ಅಂದರೆ ಪೊಟ್ಟಣ, ಕಟ್ಟಬೇಕು. ಒಂದರಲ್ಲಿ ಭಂಡಾರ, ಅಂದರೆ ಮಲ್ಲಯ್ಯನ ಅರಿಶಿನ. ಇನ್ನೊಂದರಲ್ಲಿ ಕುಂಕುಮ. ಅರಿಶಿನ ಬಂದರೆ ‘ಈಗಲೇ’, ಕುಂಕುಮ ಬಂದರೆ ‘ಆಮೇಲೆ’. ಗಂಡಸು ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಎತ್ತಿದ್ದು ದೇವರ ಮಾತು. ಉಳಿದದ್ದು ದೇವರು ಆಡದೆ ಬಿಟ್ಟ ಮಾತು. ಅದನ್ನು ಬಿಚ್ಚಬಾರದು, ಹಾಗೆಯೇ ಬಾವಿಗೆ ಹಾಕಬೇಕು.

ಸೋಮವಾರ ಬೆಳಿಗ್ಗೆ ಕಾಂತಾಬಾಯಿ ಮಿಂದಳು, ಬಾಗಿಲು ಮುಂದೆ ಮಾಡಿಕೊಂಡಳು, ಎರಡು ಎಲೆ ಹಾಸಿದಳು. ಒಂದಕ್ಕೆ ಅರಿಶಿನ ಹಾಕಿದಳು. ಇನ್ನೊಂದಕ್ಕೂ ಅರಿಶಿನ ಹಾಕಿದಳು. ಗೂಡಿನಲ್ಲಿದ್ದ ಕುಂಕುಮದ ಕರಡಿಗೆಯನ್ನು ಮುಟ್ಟಲೇ ಇಲ್ಲ. ಎರಡಕ್ಕೂ ಹತ್ತಿಯ ದಾರ ಸುತ್ತಿದಳು. ಮೈಲಾರದ ಮಲ್ಲಯ್ಯ ನಾಯಿಗಳ ದೇವರು, ಅವನನ್ನೇ ನಾಯಿಯ ವಿಷಯದಲ್ಲಿ ಮೋಸ ಮಾಡುತ್ತಿದ್ದೇನೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಗಂಟು ಬಿಗಿದಳು. ಹೊಟ್ಟೆಯ ಉರಿ ದೇವರಿಗೂ ಹೆದರುವುದಿಲ್ಲ ನೋಡಿ.

ಧೊಂಡಿಬಾ ಕಣ್ಣು ಮುಚ್ಚಿ ಒಂದು ಪುಡಿ ಎತ್ತಿದ. ಹಳದಿ.

“ಈಗಲೇ ಅಂದ ಮಲ್ಲಯ್ಯ,” ಎಂದ. ಅವನ ಮುಖದಿಂದ ದೊಡ್ಡ ಭಾರ ಇಳಿಯಿತು. ಉಳಿದ ಪುಡಿಯನ್ನು ಕಾಂತಾಬಾಯಿ ಬಾವಿಗೆಂದು ಕೈಗೆತ್ತಿಕೊಳ್ಳುವಷ್ಟರಲ್ಲಿ ಅವನೇ ತಗೊಂಡು ಲಚ್ಚಿಯ ಕೊರಳ ಹಗ್ಗಕ್ಕೆ ಕಟ್ಟಿದ.

“ಬಾವಿಗೆ ಹಾಕಬೇಕ್ರಿ ಅದನ್ನ,” ಎಂದಳು ಅವಳು.

“ಅಕಿ ಮಲ್ಲಯ್ಯನ ನಾಯಿ. ಅಕಿ ಕೊಳ್ಳಾಗ ಇದ್ರ ಕಾಯ್ತದ. ಬೇನಿ ಎಲ್ಲಾ ಮುಗದಮ್ಯಾಲ ಹಾಕೂಣ.”

ಕಾಂತಾಬಾಯಿಯ ಮೋಸ ಈಗ ನಾಯಿಯ ಕೊರಳಲ್ಲಿ ನೇತಾಡುತ್ತಿತ್ತು. ಅವನು ಹೊರಗೆ ಹೋದಾಗ ಹತ್ತಿರ ಹೋಗಿ ಕೈ ಚಾಚಿದಳು. ಲಚ್ಚಿ ತುಟಿ ಮೇಲೆತ್ತಿ ಸಣ್ಣಗೆ ಗುರುಗುಟ್ಟಿತು. ಅಷ್ಟು ವರ್ಷಗಳಲ್ಲಿ ಅದು ಒಂದು ದಿನವೂ ಅವಳಿಗೆ ಮೈ ಮುಟ್ಟಗೊಟ್ಟಿರಲಿಲ್ಲ.

ಗಾಡಿ ಹೂಡಿ, ಅದೇ ಕೌದಿಯ ಮೇಲೆ ಲಚ್ಚಿಯನ್ನು ಮಲಗಿಸಿ ಬೀದರಕ್ಕೆ ಹೋದರು. ದವಾಖಾನೆಯಲ್ಲಿ ಕುತುಬೋದ್ದೀನ ಸಾಹೇಬರು ಲಚ್ಚಿಯ ಕೊರಳ ಹಗ್ಗ ಬಿಚ್ಚಿ, ಪುಡಿಯ ಸಮೇತ ಧೊಂಡಿಬಾನ ಕೈಗೆ ಕೊಟ್ಟರು. “ಇದು ನಿಮ್ಮ ಹತ್ರ ಇರಲಿ. ಒಬ್ಬರು ಒಳಗ ಬಂದು ತಲಿ ಹಿಡೀರಿ.”

ಎಷ್ಟು ಕುರಿ ಕೊಯ್ದ ಕೈಯೋ, ಧೊಂಡಿಬಾ ಬಾಗಿಲಲ್ಲೇ ನಿಂತ. “ನನ್ನ ಕೈಲಿ ಆಗಾಂಗಿಲ್ರಿ ಸಾಹೇಬ್ರ,” ಎಂದವನು ಹಗ್ಗ ಹಿಡಿದುಕೊಂಡು ಹೋಗಿ ಅಂಗಳದ ಬೇವಿನ ಮರದ ಕೆಳಗೆ ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಹೀಗೆ ಕಾಂತಾಬಾಯಿ ಒಳಗೆ ಹೋದಳು.

ಡಾಕ್ಟರು ಹತ್ತಿಗೆ ಮದ್ದು ಹನಿಸಿ ಲಚ್ಚಿಯ ಮೂತಿಗೆ ಹಿಡಿದರು. ಸ್ವಲ್ಪ ಹೊತ್ತಿಗೆ ಮೈ ಸಡಿಲವಾಯಿತು. ಮೊದಲ ಸಲ ಆ ತಲೆ ಅವಳ ಕೈಯಲ್ಲಿತ್ತು, ಗುರುಗುಟ್ಟದೆ. ಇಷ್ಟೇ ಭಾರವೇ ಇದು ಎನ್ನಿಸಿತು. ಡಾಕ್ಟರು ಕೆಳಗೆ ಬಾಗಿ ಕೆಲಸ ಮಾಡುತ್ತಿದ್ದರು, ಅವಳು ಅತ್ತ ನೋಡಲಿಲ್ಲ. ಹರಿದ ಕಿವಿಯನ್ನು ನೋಡುತ್ತ ನಿಂತಾಗ ಮನಸ್ಸು ಒಂದು ಮಾತು ಆಡಿತು. ಹೋಗಲಿ. ಇಲ್ಲೇ, ಈಗಲೇ, ಯಾರ ತಪ್ಪೂ ಇಲ್ಲದೆ ಹೋಗಿಬಿಡಲಿ.

ಆ ಮಾತು ಮುಗಿಯುವುದಕ್ಕೂ ಲಚ್ಚಿಯ ಉಸಿರು ನಿಲ್ಲುವುದಕ್ಕೂ ಸರಿಹೋಯಿತು.

“ಎದಿ ತಿಕ್ಕ್ರೀ ಬಾಯಿ, ಜೋರಲೇ,” ಎಂದರು ಡಾಕ್ಟರು, ಹತ್ತಿಯನ್ನು ಕಿತ್ತೆಸೆದು. ಕಾಂತಾಬಾಯಿ ತಿಕ್ಕಿದಳು. ಬಳೆ ಒಡೆದು ಕೈಗೆ ಚುಚ್ಚಿದರೂ ತಿಕ್ಕಿದಳು. ನಾಲಿಗೆ ಹೊರಗೆಳೆದು ಹಿಡಿದಳು. “ಬ್ಯಾಡೋ ಮಲ್ಲಯ್ಯ, ನಾ ಅಂದಿಲ್ಲ, ನಾ ಅಂದಿಲ್ಲ,” ಎಂದು ಬಾಯಿ ಬಡಬಡಿಸುತ್ತಿತ್ತು. ಲಚ್ಚಿ ಒಂದು ಸಲ ಕೆಮ್ಮಿದಂತೆ ಮಾಡಿ ಉಸಿರೆಳೆಯಿತು. ಅವಳಿಗೆ ಅಲ್ಲಿಯೇ ಕೂಡಬೇಕೆನಿಸಿತು, ಆದರೆ ಹೊಲಿಗೆ ಬಾಕಿ ಇತ್ತು. ನಿಂತೇ ಇದ್ದಳು.

ಹೊರಗೆ ಬಂದಾಗ ಕುತುಬೋದ್ದೀನ ಸಾಹೇಬರು ಧೊಂಡಿಬಾನಿಗೆ ಹೇಳಿದರು: “ನಾಯಿ ಉಳದದ್ದು ನಿಮ್ಮ ಘರವಾಲಿಯಿಂದ. ನಾ ಅಲ್ಲ.”

ಧೊಂಡಿಬಾ ಎದ್ದು ನಿಂತ. ಹೆಂಡತಿಯ ಕೈಯ ಒಡೆದ ಬಳೆ ನೋಡಿದ, ಅವಳ ಮುಖ ನೋಡಿದ. ಬಹಳ ಹೊತ್ತು ನೋಡಿದ, ಏನೋ ಕೇಳುವವನಂತೆ. ಉಪಕಾರದ ನೋಟ ಎಂದು ಕಾಂತಾಬಾಯಿ ತಿಳಿದಳು. ಅವನ ಕೊರಳ ಸುತ್ತಿನ ರುಮಾಲಿನ ತುದಿಯಲ್ಲಿ ಏನೋ ಗಂಟು ಹಾಕಿತ್ತು, ಅದನ್ನು ಅವಳು ಅಷ್ಟಾಗಿ ಗಮನಿಸಲಿಲ್ಲ.

ಹಿಂಡು ಹೊರಡುವ ದಿನ ಹತ್ತಿರ ಬಂತು. ಕಾಂತಾಬಾಯಿ ತನ್ನ ಗಂಟು ಕಟ್ಟಿಟ್ಟಿದ್ದಳು. ಎರಡು ಸೀರೆ, ರೊಟ್ಟಿಯ ಹಂಚು, ಖಾರದ ಪುಡಿ. ಹೊರಡುವ ಹಿಂದಿನ ಸಂಜೆ ಮಾತೆತ್ತಿದಳು.

“ಈ ಸಲ ಹಿಂಡ ಕಾಯಾಕ ನಿಮಗ ಯಾರಿಲ್ಲ. ನಾನೂ ಬರ್ತೇನ್ರಿ. ಲಚ್ಚಿಗಿ ಸಖು ಅಂಬಲಿ ಹಾಕ್ತಾಳ.”

ಧೊಂಡಿಬಾ ಕಂಬಳಿ ಮಡಚುತ್ತಿದ್ದವನು ಕೈ ನಿಲ್ಲಿಸಿದ. “ಸಖು ಕೈಯಾಗ ಬಿಡಾಂಗಿಲ್ಲ. ತ್ವಾಳಕ್ಕ ಮಡೆಪ್ಪನ ಎರಡು ನಾಯಿ ತಗೋತೀನಿ.” ಮಡೆಪ್ಪ ಅವನ ತಮ್ಮ, ಸಖುಬಾಯಿಯ ಗಂಡ. “ಅಕಿನ್ನ ನಿನ್ನ ಕೈಯಾಗ ಬಿಟ್ಟು ಹೊಂಟೀನಿ, ಕಾಂತಾ. ನೀ ಇದ್ದೀ ಅಂತ ಬಿಟ್ಟು ಹೊಂಟೀನಿ.”

ಕಾಂತಾ ಅಂದ. ಆ ದನಿಯಲ್ಲಿ ಅಂದ, ಕಿವಿಯ ಉಣ್ಣಿ ಹೆಕ್ಕುವಾಗಿನ ದನಿಯಲ್ಲಿ. ಇಷ್ಟು ವರ್ಷ ಕಾದ ದನಿ ಬಂತು, ಅದೂ ನಾಯಿಯ ಸಲುವಾಗಿಯೇ ಬಂತು. ಅವಳು ಅಳಬೇಕೋ ಬೈಯಬೇಕೋ ತಿಳಿಯದೆ ಒಲೆಯ ಮುಂದೆ ಹೋಗಿ ಕೂತಳು.

ಮರುದಿನ ನಸುಕಿನಲ್ಲಿ ಹಿಂಡು ಹೊರಟಿತು. ಟಗರುಗಳ ಗಂಟೆಯ ಸಪ್ಪಳ ಕೇಳಿ ಲಚ್ಚಿ ಎದ್ದು ಎಳೆದಾಡಿತು, ಹಗ್ಗ ಕಚ್ಚಿತು, ಸೋತು ಬಾಗಿಲಲ್ಲಿ ಬಿತ್ತು. ಪುಡಿ ಮತ್ತೆ ಅದರ ಕೊರಳಲ್ಲಿತ್ತು. ಧೊಂಡಿಬಾ ತಿರುಗಿ ಕಟ್ಟಿಹೋಗಿದ್ದ. ಹಣೆಗೆ ಹಚ್ಚಿಕೊಳ್ಳಲು ಹೋದಾಗ ಕಾಂತಾಬಾಯಿಗೆ ಕುಂಕುಮದ ಕರಡಿಗೆಯ ಮುಚ್ಚಳ ಓರೆಯಾಗಿ ಕೂತದ್ದು ಕಂಡಿತು. ಇಲಿ ಇರಬೇಕು ಎಂದು ಸರಿಮಾಡಿ ಇಟ್ಟಳು.

ಆಮೇಲಿನ ದಿನಗಳನ್ನು ಏನೆಂದು ಹೇಳುವುದು. ಮನೆಯಲ್ಲಿ ಇಬ್ಬರು, ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗಾಗದು. ಲಚ್ಚಿ ಔರಾದ ದಾರಿಗೆ ಮುಖ ಮಾಡಿ ಬಾಗಿಲಲ್ಲಿ ಕೂಡುತ್ತಿತ್ತು. ಕಾಂತಾಬಾಯಿ ಹೊಸಲಿನ ಒಳಗೆ ಕೂತು ಅದೇ ದಾರಿ ನೋಡುತ್ತಿದ್ದಳು. ಅಂಬಲಿ ಇಟ್ಟರೆ, ಅವಳು ಎದ್ದು ಹೋಗುವ ತನಕ ಅದು ಮೂಸುತ್ತಿರಲಿಲ್ಲ. “ಏನ್ ಸೊಕ್ಕ ನಿನಗ,” ಎನ್ನುವಳು. “ಗಂಡನ್ನೂ ತಗೊಂಡಿ, ಕೌದಿನೂ ತಗೊಂಡಿ, ಈಗ ನನ್ನ ಕೈಯಾಗಿನ ಅಂಬಲಿ ಬ್ಯಾಡ ನಿನಗ.”

ಆದರೆ ಅವಳಿಗೆ ಆ ನಾಯಿಯ ಕೊರಳು ಬೇಕಿತ್ತು. ಎಲೆ ಒಣಗಿ ಬಿರಿಯುತ್ತಿತ್ತು. ಒಂದು ದಿನ ಸಖುಬಾಯಿಯ ಎದುರೇ ಅರಿಶಿನ ಉದುರಿದರೆ ಸಾಕು, ಓಣಿಗೆಲ್ಲ ತಿಳಿಯುತ್ತಿತ್ತು. ದೇವರ ಪುಡಿಯಲ್ಲಿ ಮೋಸ ಮಾಡಿದವಳನ್ನು ಹಿರಿಯರು ಕಟ್ಟೆಯ ಮುಂದೆ ನಿಲ್ಲಿಸುತ್ತಾರೆ, ಗಂಡ ಬಂದ ಮೇಲೆ ತವರಿಗೆ ಕಳಿಸೆನ್ನುತ್ತಾರೆ. ಹಾಗಾಗಿ ಅವಳು ಲಚ್ಚಿಯನ್ನು ಒಲಿಸಿಕೊಳ್ಳಲಿಕ್ಕೆ ನಿಂತಳು. ಡಾಕ್ಟರು ಕೊಟ್ಟ ಮದ್ದನ್ನು ಗಾಯಕ್ಕೆ ದೂರದಿಂದ ಉದುರಿಸಿದಳು, ಆಮೇಲೆ ಹತ್ತಿರದಿಂದ. ಅಂಬಲಿಗೆ ಮಜ್ಜಿಗೆ ಬೆರೆಸಿದಳು. ಗಾಯದ ನೊಣ ಬೀಸುತ್ತ ಕೂತಳು, ಕೂತಾಗ ಮಾತೂ ಬಂತು. ಬೇರೆ ಯಾರಿದ್ದರು ಮಾತಾಡಲಿಕ್ಕೆ? ಔರಾದದಲ್ಲಿ ಈಗ ಚಳಿ ಹೇಗಿರಬಹುದು, ಅವರು ರೊಟ್ಟಿ ಸುಡುವಾಗ ಕೈ ಸುಟ್ಟುಕೊಳ್ಳುತ್ತಾರೋ ಏನೋ ಎಂದು ಹೇಳುವಳು. ಅವನ ಹೆಸರಿನ ಸುತ್ತಿನ ಮಾತಾದರೆ ಲಚ್ಚಿಯ ಹರಿದ ಕಿವಿ ನೆಟ್ಟಗಾಗುತ್ತಿತ್ತು.

ಸಂಕ್ರಾಂತಿ ದಾಟಿದ ಮೇಲೆ ಒಂದು ಮಧ್ಯಾಹ್ನ ಕಾಂತಾಬಾಯಿ ಹೊಸಲಲ್ಲಿ ತೊಗರಿ ಕೇರುತ್ತ ಕೂತಿದ್ದಳು. ಲಚ್ಚಿ ಎದ್ದು ಬಂದು, ಒಂದು ಸುತ್ತು ಸುತ್ತಿ, ಅವಳ ಪಾದದ ಮೇಲೆ ಗದ್ದವಿಟ್ಟು ಮಲಗಿತು. ಅವಳು ಮೊರ ಅಲ್ಲಾಡಿಸದೆ ಕೂತಳು. ಆಮೇಲೆ ನಿಧಾನವಾಗಿ ಕೊರಳಿಗೆ ಕೈ ಹಾಕಿದಳು. ಗುರುಗುಟ್ಟಲಿಲ್ಲ.

ಪುಡಿ ಕೈಗೆ ಸಿಕ್ಕಿತು. ಸುತ್ತಿದ್ದು ಹತ್ತಿಯ ದಾರವಾಗಿರಲಿಲ್ಲ. ಕರಿಯ ಉಣ್ಣೆಯ ಎಳೆ, ತೊಡೆಯ ಮೇಲೆ ಹೊಸೆದದ್ದು, ಟಗರಿನ ಕೊರಳಿಗೆ ಗಂಟೆ ಕಟ್ಟುವಾಗ ಹಾಕುವ ಗಂಟು. ಅವಳ ಗಂಟಲ್ಲ. ಹಲ್ಲಿನಿಂದ ಬಿಡಿಸಿ ಎಲೆ ತೆರೆದಳು.

ಒಳಗೆ ಕುಂಕುಮವಿತ್ತು.

ಬೇವಿನ ಮರದ ಕೆಳಗೆ ಗೋಡೆಗೆ ಮುಖ ಮಾಡಿ ಕೂತವನ ಕೈಯಲ್ಲಿ ಈ ಪುಡಿಯಿತ್ತು. ಒಳಗೆ ನಾಯಿ ಸಾಯುತ್ತದೋ ಎಂಬ ಭಯಕ್ಕೆ, ದೇವರು ಆಡದೆ ಬಿಟ್ಟ ಮಾತು ಏನಿದ್ದೀತೆಂದು ಬಿಚ್ಚಬಾರದ್ದನ್ನು ಬಿಚ್ಚಿ ನೋಡಿದ್ದಾನೆ. ಹಳದಿ ಕಂಡಿದೆ, ಅದನ್ನೇ ರುಮಾಲಿನ ತುದಿಗೆ ಗಂಟು ಹಾಕಿಕೊಂಡಿದ್ದಾನೆ. ಅದಕ್ಕೇ ಅಂದು ಅವಳ ಮುಖವನ್ನು ಅಷ್ಟು ಹೊತ್ತು ನೋಡಿದ್ದು. ಓರೆಯಾದ ಕರಡಿಗೆಯ ಮುಚ್ಚಳ ಇಲಿಯ ಕೆಲಸವಲ್ಲ. ಹೊರಡುವ ಮುಂಚೆ ಅವಳ ಕುಂಕುಮವನ್ನೇ ತೆಗೆದು, ಎಲೆಯಲ್ಲಿ ಕಟ್ಟಿ, ಅವಳ ಮೋಸವನ್ನು ಮುಚ್ಚಿ ಹೋಗಿದ್ದಾನೆ. ಎಲೆ ಇನ್ನು ಯಾರ ಎದುರು ಬಿರಿದರೂ ಚಿಂತೆಯಿಲ್ಲ.

ಅಂವಗ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ‘ನೀ ಇದ್ದೀ ಅಂತ ಬಿಟ್ಟು ಹೊಂಟೀನಿ’ ಎಂದಿದ್ದ.

ಅವಳಿಗೆ ಮೊದಲು ಸಿಟ್ಟು ಬಂತು. ಬಾಯಿ ಬಿಟ್ಟು ಕೇಳಬಾರದಿತ್ತೇ, ಯಾಕೆ ಹೀಗೆ ಮಾಡಿದಿ ಎಂದು. ಕೇಳಿದ್ದರೆ ಹೇಳುತ್ತಿದ್ದಳು, ಕಂಬಳಿಯ ಅಂಚಿನ ಮಾತನ್ನು ಹೇಳಿಬಿಡುತ್ತಿದ್ದಳು. ಆಮೇಲೆ ಅಳು ಬಂತು. ಅಳುತ್ತಲೇ ಲಚ್ಚಿಯ ಹರಿದ ಕಿವಿ ಬಿಡಿಸಿ ನೋಡಿದಳು. ಒಳಗೆ ಒಂದು ಉಣ್ಣಿ ದಪ್ಪಗೆ ಕೂತಿತ್ತು. ಹೆಕ್ಕಿ ತೆಗೆದು ಕಲ್ಲಿನಿಂದ ಜಜ್ಜಿದಳು.

“ದಣಿದೇನ?” ಎಂದಳು ಮೂಗೊರೆಸಿಕೊಂಡು. ಲಚ್ಚಿ ಕಣ್ಣು ಮುಚ್ಚಿಯೇ ಬಾಲ ಆಡಿಸಿತು.

ಕುಂಕುಮವನ್ನು ಹೊಸ ಎಲೆಯಲ್ಲಿ ಮೊದಲಿನಂತೆಯೇ ಮಡಚಿದಳು. ಉಣ್ಣೆಯ ಎಳೆಯನ್ನು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಪುಡಿಗೆ ಮಾತ್ರ ಹತ್ತಿಯ ದಾರ ಸುತ್ತಿ, ತನ್ನದೇ ಗಂಟು ಬಿಗಿದು ಲಚ್ಚಿಯ ಕೊರಳಿಗೆ ಕಟ್ಟಿದಳು. ಮಿರಗಕ್ಕೆ ತಿರುಗಿ ಬಂದಾಗ ಧೊಂಡಿಬಾನ ಕೈ ಮೊದಲು ಹೋಗುವುದು ಹೆಂಡತಿಯ ಕಡೆಗಲ್ಲ, ಈ ಕೊರಳಿಗೇ. ಅವನ ಗಂಟಿನ ಜಾಗದಲ್ಲಿ ಅವಳ ಗಂಟು ಆಗಲೇ ಆ ಕೈಗೆ ತಾಗುತ್ತದೆ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಅಲ್ಲಿ ಕಟ್ಟಿದಳು.